ನನ್ನ ಹೆಸರಿನ ಕಾರ್ಡು ಮತ್ತು ಏಳು ಸೀಟಿನ ವ್ಯಾನು

ಕೆನಡಾಕ್ಕೆ ಬಂದು ಹತ್ತೊಂಬತ್ತು ವರ್ಷಗಳಾದ ಮೇಲೆ ನನಗೆ ಅರ್ಥವಾದ ಸಂಗತಿಯೊಂದಿದೆ. ಇಲ್ಲಿ ನೀವು ಸಾಲವನ್ನೇ ಮಾಡದೆ ಮರ್ಯಾದೆಯಿಂದ ಬದುಕಿದ್ದೀರಿ ಎಂದರೆ ಯಾರೂ ನಿಮ್ಮನ್ನು ನಂಬುವುದಿಲ್ಲ. ನಾನು ಹುಬ್ಬಳ್ಳಿಯವಳು. ನಮ್ಮ ಮನೆಯಲ್ಲಿ ಸಾಲ ಎಂಬ ಶಬ್ದವನ್ನು ದೊಡ್ಡವರು ದನಿ ತಗ್ಗಿಸಿ, ಮಕ್ಕಳು ಆಚೆ ಹೋದ ಮೇಲೆ ಆಡುತ್ತಿದ್ದರು. ಅದೇ ಸಂಸ್ಕಾರ ಇಲ್ಲಿ ನನ್ನ ಮೇಲೆ ತಿರುಗಿಬಿದ್ದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೊದಲು ನನ್ನ ಬಗ್ಗೆ ಎರಡು ಮಾತು. ಮಾಲ್ಟನ್‌ನಲ್ಲಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ ಒಂದು ದೊಡ್ಡ ಅಡುಗೆಮನೆಯಲ್ಲಿ ನನ್ನ ಕೆಲಸ. ವಿಮಾನದ ಪ್ರಯಾಣಿಕರು ತಿಂದು ಮೂಗು ಮುರಿಯುವ ಊಟವನ್ನು ತಟ್ಟೆಗೆ ತುಂಬುವವರಲ್ಲಿ ನಾನೂ ಒಬ್ಬಳು. ನನ್ನ ಯಜಮಾನರು ವಿರೂಪಾಕ್ಷಪ್ಪ, ರೆಕ್ಸ್‌ಡೇಲ್‌ನ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾವಿಬ್ಬರೂ ದುಡಿಯುತ್ತೇವೆ. ಆದರೆ ಮನೆ, ಕಾರು, ಕರೆಂಟು, ಫೋನು ಎಲ್ಲವೂ ಅವರ ಹೆಸರಿನಲ್ಲಿ. ನನ್ನ ಪರ್ಸಿನಲ್ಲಿದ್ದ ಕ್ರೆಡಿಟ್ ಕಾರ್ಡು ಕೂಡ ಅವರ ಕಾರ್ಡಿನ ಬಾಲ. ನಾನು ಅದನ್ನು ಎಲ್ಲಿ ತಾಗಿಸಿದರೂ ಅವರ ಫೋನಿನಲ್ಲಿ 'ಟಿಣ್' ಎನ್ನುತ್ತಿತ್ತು. ಅಂಗಡಿಯವಳು ರಸೀದಿ ಹರಿದು ಕೊಡುವ ಮೊದಲೇ ಇವರ ಕರೆ ಬರುತ್ತಿತ್ತು: "ಏನ್ ತಗೊಂಡಿ?"

ಕಳೆದ ವರ್ಷ ಅವರ ಹುಟ್ಟಿದ ಹಬ್ಬಕ್ಕೆಂದು ಗುಟ್ಟಾಗಿ ಒಂದು ನೀಲಿ ಅಂಗಿ ಕೊಂಡೆ. ಅಂಗಿ ಇನ್ನೂ ಚೀಲದೊಳಗೆ ಇಳಿದಿರಲಿಲ್ಲ, ಕಾರ್ಖಾನೆಯಿಂದ ಫೋನು ಬಂತು. "ನಲವತ್ತಾರು ಡಾಲರಿಂದು ಏನದು?" ನಾನು ತೊದಲಿದೆ. "ಅದು... ಒಂದು ಅಂಗಿರಿ." "ಯಾರಿಗೆ?" ಏನು ಹೇಳಲಿ? ಸತ್ಯ ಹೇಳಿದೆ. ಅವರು, "ನನ್ನ ಹತ್ರ ಅಂಗಿ ಅದಾವಲ್ಲ. ವಾಪಸ್ ಕೊಟ್ಟು ಬಾ" ಎಂದರು. ತಮ್ಮ ಉಡುಗೊರೆಯನ್ನು ಕಣ್ಣಿಂದ ನೋಡುವ ಮೊದಲೇ ವಾಪಸು ಮಾಡಿಸಿದ ಗಂಡ ಈ ಭೂಮಿಯ ಮೇಲೆ ಇನ್ನೊಬ್ಬರಿರಲಾರರು. ಅಂಗಿ ಮರಳಿಸುವ ಸಾಲಿನಲ್ಲಿ ನಿಂತಾಗಲೇ ನಿರ್ಧರಿಸಿಬಿಟ್ಟೆ. ನನ್ನ ಹೆಸರಿನಲ್ಲಿ, ನನ್ನದೇ ಆದ ಒಂದು ಕಾರ್ಡು ಬೇಕು.

ನಮ್ಮ ಮನೆಸಾಲ ಇರುವುದು ಬ್ಯಾಂಕಿನಲ್ಲಲ್ಲ, ಮನೆ ಕಟ್ಟುವವರಿಗೂ ಕೊಳ್ಳುವವರಿಗೂ ಸಾಲ ಕೊಡುವ ಒಂದು ಸಹಕಾರಿ ಸೊಸೈಟಿಯಲ್ಲಿ. ಮಿಠಾಯಿ ಅಂಗಡಿಗೂ ಇಮಿಗ್ರೇಶನ್ ಸಲಹೆಗಾರನ ಆಫೀಸಿಗೂ ನಡುವೆ ಸಿಕ್ಕಿಕೊಂಡಂತಿರುವ ಅದರ ಬಾಗಿಲಲ್ಲಿ 'ನೀವು ಇಲ್ಲಿ ಗಿರಾಕಿಯಲ್ಲ, ಮಾಲೀಕರು' ಎಂದು ಇಂಗ್ಲಿಷಿನಲ್ಲೂ ಪಂಜಾಬಿಯಲ್ಲೂ ಬರೆದಿದ್ದಾರೆ. ವ್ಯತ್ಯಾಸವೇನೆಂದರೆ ಬ್ಯಾಂಕಿನಲ್ಲಿ ಗಿರಾಕಿಗಳು ಸಾಲಿನಲ್ಲಿ ನಿಂತು ಕಾಯುತ್ತಾರೆ, ಇಲ್ಲಿ ಮಾಲೀಕರು ಕಾಯುತ್ತಾರೆ. ಮಾಲಕಿಯಾದ ನಾನು ಮುಕ್ಕಾಲು ಗಂಟೆ ಕಾದ ಮೇಲೆ ಹರ್‌ಪ್ರೀತ್ ಎಂಬ ಅಧಿಕಾರಿಣಿ ಒಳಗೆ ಕರೆದಳು. ಮೂವತ್ತರ ಒಳಗಿನ ಹುಡುಗಿ, ನಗುಮುಖ. ನನ್ನ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದಳು. ಅದು ಸ್ವಲ್ಪ ಯೋಚಿಸಿತು. ಅವಳ ನಗು ಸಣ್ಣಗಾಯಿತು.

"ಆಂಟೀಜೀ, ಆಪ್ ಕೀ ತೋ ಕೋಯೀ ಹಿಸ್ಟರೀ ಹೀ ನಹೀಂ ಹೈ."

ನಲವತ್ತೆಂಟು ವರ್ಷ ಬದುಕಿದ್ದೇನೆ. ಒಬ್ಬ ಮಗಳನ್ನು ಯೂನಿವರ್ಸಿಟಿ ಮೆಟ್ಟಿಲು ಹತ್ತಿಸಿದ್ದೇನೆ. ಹದಿನೈದು ಚಳಿಗಾಲ ಬೆಳಗಿನ ಶಿಫ್ಟಿಗೆ ಹಿಮ ಕೆರೆದು ಕಾರು ತೆಗೆದಿದ್ದೇನೆ. ಇಷ್ಟೆಲ್ಲ ಮಾಡಿದವಳಿಗೆ ಇತಿಹಾಸವೇ ಇಲ್ಲವಂತೆ! "ನಾನು ಇಲ್ಲಿಯವರೆಗೆ ಒಂದು ಡಾಲರೂ ಸಾಲ ಮಾಡಿಲ್ಲ" ಎಂದೆ ಹೆಮ್ಮೆಯಿಂದ. ಅವಳು ಕನಿಕರದಿಂದ ತಲೆಯಾಡಿಸಿದಳು. "ವಹೀ ತೋ ಪ್ರಾಬ್ಲೆಮ್ ಹೈ, ಆಂಟೀಜೀ." ಇಲ್ಲಿ ಹಿಸ್ಟರಿ ಎಂದರೆ ಸಾಲ ಮಾಡಿ ತೀರಿಸಿದ ದಾಖಲೆಯಂತೆ. ಬಾಲದ ಕಾರ್ಡಿನಲ್ಲಿ ನಾನು ಮಾಡಿದ ಖರ್ಚಿನ ಪುಣ್ಯವೆಲ್ಲ ಯಜಮಾನರ ಖಾತೆಗೆ ಹೋಗಿತ್ತು. ಕೊನೆಗೆ ನನ್ನ ಸಂಬಳದ ಚೀಟಿಗಳನ್ನು ನೋಡಿ, ಸಾವಿರ ಡಾಲರ್ ಮಿತಿಯ ಕಾರ್ಡು ಕೊಡಬಹುದು ಎಂದಳು. ಮೂರು ಬಗೆಯ ಕಾರ್ಡುಗಳ ಬಣ್ಣಬಣ್ಣದ ಹಾಳೆಗಳನ್ನು ಮುಂದಿಟ್ಟು, "ಯೋಚನೆ ಮಾಡಿ ಬನ್ನಿ" ಎಂದು ಹಿಂದಿಯಲ್ಲೇ ಹೇಳಿ ಕಳಿಸಿದಳು.

ಯೋಚನೆ ಶುರುವಾಯಿತು. ಒಂದು ಕಾರ್ಡು ವಿಮಾನ ಪ್ರಯಾಣದ ಪಾಯಿಂಟು ಕೊಡುತ್ತದೆ, ಒಂದು ದಿನಸಿ ಖರ್ಚಿನಲ್ಲಿ ಚೂರುಪಾರು ಹಿಂದಿರುಗಿಸುತ್ತದೆ, ಇನ್ನೊಂದಕ್ಕೆ ಬಡ್ಡಿ ಕಡಿಮೆ. ಸಲಹೆ ಕೇಳಲು ರಿಚ್ಮಂಡ್ ಹಿಲ್‌ನ ಶಾಲಿನಿಗೆ ಫೋನು ಮಾಡಿದೆ. ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ, ದೇವಸ್ಥಾನದಲ್ಲಿ ಪರಿಚಯವಾದವಳು. ಅವಳ ಪರ್ಸಿನಲ್ಲಿ ಏಳು ಕಾರ್ಡುಗಳಿವೆ. ಯಾವ ವಾರ ಯಾವ ಅಂಗಡಿಗೆ ಯಾವ ಕಾರ್ಡು ಎಂದು ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದ್ದಾಳೆ. "ಅಯ್ಯೋ, ಪಾಯಿಂಟ್ಸ್ ತಗೊಳ್ಳಿ ರೀ! ನಾವು ಹೋದ ಸಲ ಮೆಕ್ಸಿಕೋಗೆ ಫ್ರೀಯಾಗಿ ಹೋಗಿ ಬಂದ್ವಿ ಗೊತ್ತಾ?" ಎಂದಳು. ಆ ಫ್ರೀ ಪ್ರಯಾಣದ ಕಥೆ ನನಗೆ ಗೊತ್ತಿತ್ತು. ಪಾಯಿಂಟಿನ ಟಿಕೆಟ್ಟು ನೇರ ವಿಮಾನಕ್ಕೆ ನಡೆಯುವುದಿಲ್ಲವೆಂದು ಎರಡು ಊರುಗಳಲ್ಲಿ ಇಳಿದು ಹತ್ತಿ, ಒಂದು ಕಡೆ ಹನ್ನೊಂದು ಗಂಟೆ ಕುರ್ಚಿಯ ಮೇಲೆ ಕೂತು ಹೋಗಿದ್ದರು. ಆ ಪಾಯಿಂಟು ಗಳಿಸಲೆಂದು ಅವಳು ಮನೆಗೆ ಮೂರನೆಯ ಸೋಫಾ ಕೊಂಡಿದ್ದಳು. ಈಗ ಅವರ ಮನೆಗೆ ಹೋದರೆ ಕೂರಲು ಜಾಗ ಬೇಕಾದಷ್ಟಿದೆ, ನಿಲ್ಲಲು ಇಲ್ಲ.

ಹತ್ತು ದಿನ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಕೆಳಗಿನ ಸಣ್ಣಕ್ಷರಗಳನ್ನು ಓದಲು ಯಜಮಾನರ ಕನ್ನಡಕವನ್ನು ನನ್ನ ಕನ್ನಡಕದ ಮೇಲೆ ಹಾಕಿಕೊಂಡೆ. ಮಗಳು ಸ್ನೇಹಾ ಒಂದು ವಾರ ಸಹಿಸಿಕೊಂಡಳು. ಆಮೇಲೆ, "ಮಾಮ್, ಇಟ್ಸ್ ಅ ಕಾರ್ಡ್. ಯು ಆರ್ ನಾಟ್ ಮ್ಯಾರಿಯಿಂಗ್ ಇಟ್!" ಎಂದು ರೇಗಿದಳು. ನನ್ನ ಮದುವೆಯ ನಿರ್ಧಾರಕ್ಕೆ ಹತ್ತು ನಿಮಿಷವೂ ಸಿಕ್ಕಿರಲಿಲ್ಲ ಎಂಬುದನ್ನು ಅವಳಿಗೆ ಹೇಳಲಿಲ್ಲ. ಕೊನೆಗೆ ದಿನಸಿಯ ಕಾರ್ಡನ್ನೇ ಆರಿಸಿದೆ. ಯಜಮಾನರು ಇಡೀ ಪ್ರಕರಣವನ್ನು ಟಿವಿ ನೋಡುತ್ತಲೇ ಗಮನಿಸಿ, ಒಂದೇ ಮಾತು ಹೇಳಿದರು: "ಇರೂ ಕಾರ್ಡಿಗೆ ಏನಾಗೇತಿ?"

ಕಾರ್ಡು ಅಂಚೆಯಲ್ಲಿ ಬಂತು. ಅದರ ಮೇಲೆ ಉಬ್ಬಿದ ಅಕ್ಷರಗಳಲ್ಲಿ ನನ್ನ ಹೆಸರು! ಬೆರಳಾಡಿಸಿ ನೋಡಿದೆ. ಖುಷಿ ಎಷ್ಟಾಯಿತೆಂದರೆ, ಹೊಸ ಸೀರೆಯಂತೆ ಅದನ್ನು ಬೀರುವಿನಲ್ಲಿಟ್ಟುಬಿಟ್ಟೆ. ಎರಡು ತಿಂಗಳ ಮೇಲೆ ಹರ್‌ಪ್ರೀತಳೇ ಫೋನು ಮಾಡಿ, "ಆಂಟೀಜೀ, ಯೂಸ್ ತೋ ಕರೋ!" ಎಂದು ಬೇಡಿಕೊಳ್ಳಬೇಕಾಯಿತು. ಆಮೇಲೆ ವಾರಕ್ಕೊಮ್ಮೆ ಕೊತ್ತಂಬರಿ ಸೊಪ್ಪನ್ನು ಅದರಲ್ಲಿ ಕೊಳ್ಳತೊಡಗಿದೆ. ಯಾರ ಫೋನೂ 'ಟಿಣ್' ಎನ್ನಲಿಲ್ಲ. ಕೊತ್ತಂಬರಿಗೆ ಅಷ್ಟು ಸ್ವಾತಂತ್ರ್ಯದ ಘಮ ಹಿಂದೆಂದೂ ಬಂದಿರಲಿಲ್ಲ.

ಅಕ್ಟೋಬರಿನಲ್ಲಿ ಬೆಳಗಾವಿಯಿಂದ ನಮ್ಮ ನಾದಿನಿ ಸುಮಿತ್ರಾ, ಅವಳ ಗಂಡ ಮತ್ತು ಇಬ್ಬರು ಮಕ್ಕಳು ಬಂದರು. ಇಲ್ಲಿಗೆ ಬಂದವರನ್ನು ನಯಾಗರಾಕ್ಕೆ ಕರೆದೊಯ್ಯದಿದ್ದರೆ ವೀಸಾ ರದ್ದಾಗುತ್ತದೆಂದು ನಮ್ಮವರೆಲ್ಲ ನಂಬಿದ್ದಾರೆ. ನಮ್ಮ ಕಾರಿನಲ್ಲಿ ಎಲ್ಲರೂ ಹಿಡಿಸುವುದಿಲ್ಲ. ಯಜಮಾನರು ಏಳು ಸೀಟಿನ ವ್ಯಾನು ಬಾಡಿಗೆಗೆ ಗೊತ್ತುಮಾಡಿದರು. ಶನಿವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಬಳಿಯ ಬಾಡಿಗೆ ಆಫೀಸಿಗೆ ಎಲ್ಲರೂ ಹೋದೆವು. ಇವರು ಗತ್ತಿನಿಂದ ಕಾರ್ಡು ತೆಗೆದು ಕೊಟ್ಟರು. ಕೌಂಟರಿನ ಹುಡುಗಿ ಅದನ್ನು ಮಶೀನಿಗೆ ಒಮ್ಮೆ ಹಾಕಿದಳು, ಎರಡನೆಯ ಸಲ ಹಾಕಿದಳು, ಮೂರನೆಯ ಸಲ ಒರೆಸಿ ಹಾಕಿದಳು. "ಸಾರಿ ಸರ್, ಡಿಕ್ಲೈನ್ಡ್."

ಬ್ಯಾಂಕಿಗೆ ಫೋನು ಮಾಡಿದ ಮೇಲೆ ಗುಟ್ಟು ಹೊರಬಿತ್ತು. ಎರಡು ದಿನದ ಹಿಂದೆ ಇವರು ನೆಂಟರ ಚಳಿಗೆಂದು ಒಂದೇ ಅಂಗಡಿಯಲ್ಲಿ ನಾಲ್ಕು ಜಾಕೆಟ್ಟು ಕೊಂಡಿದ್ದರು. ಬ್ಯಾಂಕಿಗೆ ಸಂಶಯ ಬಂದು, 'ಇದನ್ನು ಕೊಂಡದ್ದು ನೀವೇನಾ? ಹೌದು ಅಥವಾ ಇಲ್ಲ ಎಂದು ಉತ್ತರಿಸಿ' ಎಂದು ಸಂದೇಶ ಕಳಿಸಿತ್ತು. ಇವರು ಅದು ಮೋಸಗಾರರ ಸಂದೇಶವೆಂದು ತಿಳಿದು, ಅವರಿಗೆ ಬುದ್ಧಿ ಕಲಿಸಲು 'ಇಲ್ಲ' ಎಂದು ಉತ್ತರಿಸಿದ್ದರು. ಬ್ಯಾಂಕು ಪ್ರಾಮಾಣಿಕವಾಗಿ ಕಾರ್ಡನ್ನು ಸಾಯಿಸಿಬಿಟ್ಟಿತ್ತು. ಹೊಸದು ಬರಲು ಒಂದು ವಾರ.

"ಡೆಬಿಟ್ ಕಾರ್ಡ್ ತಗೋರಿ," "ಕ್ಯಾಶ್ ತಗೋರಿ" ಎಂದು ಯಜಮಾನರು ಹೇಳಿದ್ದು ನಡೆಯಲಿಲ್ಲ. ಕ್ರೆಡಿಟ್ ಕಾರ್ಡೇ ಆಗಬೇಕು, ಅದು ಗಾಡಿ ಓಡಿಸುವವರ ಹೆಸರಿನಲ್ಲೇ ಇರಬೇಕು. ನಾದಿನಿಯ ಮಕ್ಕಳು ಹೊಸ ಜಾಕೆಟ್ಟು ತೊಟ್ಟು, ಒಬ್ಬರ ಕೈ ಒಬ್ಬರು ಹಿಡಿದು, ನಯಾಗರಾ ಕೈತಪ್ಪಿ ಹೋಗುವುದನ್ನು ನೋಡುತ್ತಾ ನಿಂತಿದ್ದವು. ನಾನು ಪರ್ಸು ತೆರೆದೆ. ಇದುವರೆಗೆ ಆ ಕಾರ್ಡು ಕೊತ್ತಂಬರಿಗಿಂತ ದೊಡ್ಡದನ್ನು ಕಂಡಿರಲಿಲ್ಲ. ಮಶೀನು ಗುರುಗುಟ್ಟಿ, ಯೋಚಿಸಿ, ಹಸಿರು ದೀಪ ಹಚ್ಚಿತು. ಹುಡುಗಿ ಕೀಲಿಯನ್ನು ಇವರ ಚಾಚಿದ ಕೈ ದಾಟಿಸಿ ನನ್ನ ಕೈಗಿಟ್ಟಳು. "ಯು ಆರ್ ದ ಡ್ರೈವರ್, ಮ್ಯಾಮ್."

ಹತ್ತೊಂಬತ್ತು ವರ್ಷಗಳಲ್ಲಿ ನಾನು ಹೈವೇ ಮೇಲೆ ಗಾಡಿ ಓಡಿಸಿರಲಿಲ್ಲ. ಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಮನೆ, ಅಷ್ಟೇ. ಹೈವೇ ಹೆಂಗಸರ ಕೆಲಸವಲ್ಲ ಎಂದು ಇವರು ಮೊದಲ ವರ್ಷವೇ ತೀರ್ಪು ಕೊಟ್ಟಿದ್ದರು. ಈಗ ಗಾಬರಿಯಾಗಿ, "ನನ್ನ ಹೆಸರೂ ಸೇರಸ್ರಿ, ಸೆಕೆಂಡ್ ಡ್ರೈವರ್ ಅಂತ" ಎಂದರು. ಸೇರಿಸಬಹುದು, ದಿನಕ್ಕೆ ಹದಿನೈದು ಡಾಲರ್ ಎಂದಳು ಹುಡುಗಿ. ಇವರು ವ್ಯಾನಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಗಂಡಸಿನ ಮರ್ಯಾದೆ ಒಂದು ಕಡೆ, ಹದಿನೈದು ಡಾಲರ್ ಇನ್ನೊಂದು ಕಡೆ. "ಹೋಗ್ಲಿ ಬಿಡು, ನೀನ ಹೊಡಿ. ನಾ ಹಿಂದಿಂದ ಹೇಳ್ತೀನಿ" ಎಂದು ಮೂರನೆಯ ಸಾಲಿನಲ್ಲಿ, ಎರಡು ಮಕ್ಕಳ ನಡುವೆ ಹೋಗಿ ಕುಳಿತರು.

ಹೈವೇ ಸೇರುವ ತಿರುವಿನಲ್ಲಿ ನನಗೆ ನೆನಪಾದ ದೇವರುಗಳು ಒಬ್ಬಿಬ್ಬರಲ್ಲ. ಪಕ್ಕದಲ್ಲಿ ಕೂತಿದ್ದ ಸುಮಿತ್ರಾ, "ವೈನೀ, ಆ ಲಾರಿ ನಮ್ಮನ್ನ ನೋಡೇದ ಇಲ್ಲೋ?" ಎಂದು ಕೇಳಿ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚುವ ಹಾಗಿರಲಿಲ್ಲ. ಹಿಂದಿನಿಂದ ಏನಾದರೂ ಆಜ್ಞೆ ಬರುತ್ತದೆಂದು ಕಾದೆ. ಬರಲಿಲ್ಲ. ಲಾರಿಯವನು ಜಾಗ ಬಿಟ್ಟ, ನಾನು ನುಗ್ಗಿದೆ, ವ್ಯಾನು ಸೇರಿಕೊಂಡಿತು. ಸರೋವರದ ಮೇಲಿನ ಎತ್ತರದ ಸೇತುವೆಯ ಮೇಲೆ ಗಾಳಿ ವ್ಯಾನನ್ನು ತೊಟ್ಟಿಲಿನಂತೆ ತೂಗಿತು. ಕನ್ನಡಿಯಲ್ಲಿ ನೋಡಿದರೆ ಮಕ್ಕಳು ಕೇಕೆ ಹಾಕುತ್ತಿದ್ದರು, ನಡುವೆ ಕೂತ ನನ್ನ ಯಜಮಾನರು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಗಳಿಂದ ಹಿಡಿದು ಬೆವರುತ್ತಿದ್ದರು.

ಜಲಪಾತದ ಕಟ್ಟೆಯ ಮೇಲೆ ಉಳಿದವರು ಫೋಟೋ ತೆಗೆಯುತ್ತಿದ್ದಾಗ ಅವರು ನನ್ನ ಪಕ್ಕ ಬಂದು ನಿಂತರು. "ನನ್ನ ಡ್ರೈವಿಂಗ್‌ಗೆ ಅಷ್ಟು ಹೆದರಿದ್ರ್ಯಾ?" ಎಂದು ಕೆಣಕಿದೆ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸದೆಂಬ ಧೈರ್ಯಕ್ಕೋ ಏನೋ, ಅವರು ಬಾಯಿಬಿಟ್ಟರು. "ನಿನ್ನ ಡ್ರೈವಿಂಗ್‌ಗೆ ಅಲ್ಲ. ಹೈವೇಕ್ಕ. ಬಂದ ದಿನದಿಂದ ನಂಗ ಅಂಜಿಕಿ. ಹೊಡಿಯೂ ಮುಂದ ಕೈಕಾಲು ತಣ್ಣಗಾಗ್ತಾವ. ಯಾರಿಗೆ ಹೇಳ್ಲಿ?"

ಹತ್ತೊಂಬತ್ತು ವರ್ಷ! ನನಗೆ ನಗು ಬಂತು. ಆಮೇಲೆ ಅವರ ಮುಖ ನೋಡಿ ನಗು ನಿಂತಿತು. ಹಿಮದ ದಿನಗಳಲ್ಲಿ, ಮಳೆಯಲ್ಲಿ, ಮಗಳಿಗೆ ಜ್ವರ ಬಂದಾಗ, ತಣ್ಣಗಾದ ಕೈಗಳಿಂದಲೇ ಈ ಮನುಷ್ಯ ನಮ್ಮನ್ನೆಲ್ಲ ಒಯ್ದಿದ್ದರಲ್ಲ. "ನಂಗರೆ ಹೇಳಬಾರದಿತ್ತೇನ್ರಿ?" ಎಂದೆ. "ಹೇಳಿದ್ರ ನೀನೂ ಅಂಜತಿದ್ದಿ" ಎಂದರು. ನಾನು ಅವರ ಜಾಕೆಟ್ಟಿನ ಜಿಪ್ಪು ಮೇಲಕ್ಕೆಳೆದು, "ನಡೀರಿ, ಕಾಫಿ ಕುಡಿಸ್ತೀನಿ" ಎಂದೆ. ಕಾಫಿಗೂ ನನ್ನ ಕಾರ್ಡೇ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನದ ಭಾರ ಇಳಿಸಿಕೊಂಡ ಮನುಷ್ಯ ಬಹಳ ಹಗುರಾಗಿಬಿಡುತ್ತಾನೆ. ನೆಂಟರು ಊರಿಗೆ ಮರಳಿದ ಮೇಲೆ ಬಂದ ಭಾನುವಾರ ಇವರು ನಮ್ಮ ಕಾರಿನ ಕೀಲಿಯನ್ನು ನನ್ನ ಕೈಗಿತ್ತು, "ಹೈವೇ ನಿನಗ ಚಲೋ ಒಲದದ" ಎಂದು ಇಲ್ಲಿ ಸ್ಟಿಯರಿಂಗ್ ಇರುವ ಎಡಗಡೆ ಬಿಟ್ಟು ಬಲಗಡೆ ಹತ್ತಿದರು. ಅಂದಿನಿಂದ ದೇವಸ್ಥಾನವಿರಲಿ, ದಿನಸಿಯಿರಲಿ, ಶಾಲಿನಿಯ ಸೋಫಾಗಳ ಮನೆಯಿರಲಿ, ಸಾರಥ್ಯ ನನ್ನದು. ಇವರು ಸೀಟನ್ನು ಹಿಂದಕ್ಕೆ ಬಾಗಿಸಿ, ಎರಡನೆಯ ಸಿಗ್ನಲ್ ಬರುವುದರೊಳಗೆ ಗೊರಕೆ ಶುರು ಮಾಡುತ್ತಾರೆ. ದೊಡ್ಡ ದೊಡ್ಡ ಲಾರಿಗಳ ನಡುವೆ ನಾನು ನವಿರಾಗಿ ನುಸುಳಿದ್ದನ್ನು ನೋಡಿ ಮೆಚ್ಚಲು ಕಾರಿನಲ್ಲಿ ಎಚ್ಚರವಿರುವವರು ಯಾರೂ ಇರುವುದಿಲ್ಲ. ಹೀಗಾಗಿ ನನಗೆ ನಾನೇ ಶಭಾಷ್ ಹೇಳಿಕೊಳ್ಳುತ್ತೇನೆ. ಸಾಮಾನ್ಯವಾಗಿ ಆ ಹೊತ್ತಿಗೆ ನಾವು ಹೈವೇಯಿಂದ ಇಳಿಯಬೇಕಾದ ಎಕ್ಸಿಟ್ಟು ಹಿಂದೆ ಹೋಗಿರುತ್ತದೆ.