ಎಂಬತ್ತೇಳನೇ ಪುಟದ ಹತ್ತಿರದ ದಾರಿ

ಬೆಳಿಗ್ಗೆ ಆರಕ್ಕೆ ಬಳ್ಳಾರಿಯ ಪಾರ್ವತಿನಗರದಲ್ಲಿ ಸಿದ್ದಲಿಂಗೇಶ ಹಾಕಿದ ಕೂಗಿಗೆ ಊರಾಚೆಯ ಕೊಳಗಲ್ಲಿನ ಹೊಲದ ಕೊಕ್ಕರೆಗಳೆಲ್ಲ ಹಾರಿಹೋದವು. ನಂಬಿಕೆ ಬರದಿದ್ದರೆ ಕೊಕ್ಕರೆಗಳನ್ನೇ ಕೇಳಿ.

ಕಾರಣ, ಅವನ ಪಿಎಚ್.ಡಿ. ಪ್ರಬಂಧದ ಎಂಬತ್ತೇಳನೇ ಪುಟ. ಸಂಕೀರ್ಣ ಸಂಖ್ಯೆಗಳ ಅನಂತ ಆಯಾಮದ ಲೋಕದಲ್ಲಿ, ಎಲ್ಲೂ ತಗ್ಗು ಬೀಳದ ಉಬ್ಬು ಪ್ರದೇಶದೊಳಗೆ, ಎರಡು ಬಿಂದುಗಳ ದೂರವನ್ನು ಬೇರೆ ಬೇರೆ ಅಳತೆಗೋಲಿನಿಂದ ಅಳೆದರೂ ಉತ್ತರ ಒಂದೇ ಎಂದು ಎಂಟು ವರ್ಷ ತಲೆ ತೇಯ್ದು ಸಾಧಿಸಿದ್ದ. "ಪರೀಕ್ಷಕರ ಲೇಖನ ಒಂದಾದ್ರೂ ಸೇರ್ಸು, ಖುಷಿ ಆಗ್ತಾರ" ಎಂದು ಗೈಡ್ ಹೇಳಿದ್ದಕ್ಕೆ, ಪರೀಕ್ಷಕರಾದ ಪ್ರೊಫೆಸರ್ ವಿರೂಪಾಕ್ಷಪ್ಪನವರ 'ಅತಿ ಹತ್ತಿರದ ದಾರಿಯೊಂದು ಇದ್ದೇ ಇರುತ್ತದೆ' ಎಂಬ ಮಾತನ್ನು ಆ ಪುಟದಲ್ಲಿ ಕಣ್ಣುಮುಚ್ಚಿ ಸೇರಿಸಿ, ಸಾಧನೆಯನ್ನೆಲ್ಲ ಅದರ ಮೇಲೆ ನಿಲ್ಲಿಸಿದ್ದ. ಆ ಲೋಕದಲ್ಲಿ ಅಂಥ ದಾರಿ ಇಲ್ಲದೆಯೂ ಇರಬಹುದೆಂದು ಹೊಳೆದದ್ದು ಇವತ್ತು. ಮಧ್ಯಾಹ್ನ ಮೂರಕ್ಕೆ ಮೌಖಿಕ ಪರೀಕ್ಷೆ! ತಪ್ಪು ಸಿಕ್ಕಿಬಿದ್ದರೆ ಡಾಕ್ಟರೇಟು ನೀರುಪಾಲು.

ಪಕ್ಕದ ಮನೆಯ ಕೊಟ್ರಮ್ಮ ಓಡಿಬಂದಳು. "ಏನಾತೋ? ಹಾವು ಬಂತೇನು?"

"ದಾರಿ ಇಲ್ಲ, ದೊಡ್ಡಮ್ಮ!"

"ಓಣಿ ಅಗೆದು ಆರು ತಿಂಗಳಾತು, ನಿನಗ ಈಗ ಗೊತ್ತಾತೇನು?"

ಸಿರುಗುಪ್ಪದ ಮಗಳ ಮನೆಯಲ್ಲಿ ಇಳಿದಿದ್ದ ಪ್ರೊಫೆಸರರನ್ನು ಕರೆತರಲು ಡ್ರೈವರ್ ಹಂಪೇಶನ ಬಾಡಿಗೆ ಕಾರು ಬಂತು. ಯಾರೂ ಕರೆಯದಿದ್ದರೂ ಸಿದ್ದಲಿಂಗೇಶನ ಜೊತೆ ಕೊಟ್ರಮ್ಮನೂ ಹತ್ತಿ ಕೂತಳು. ದಾರಿಯಲ್ಲಿ ಸಿಗುವ ಕುರುಗೋಡಿನಲ್ಲಿ ತಂಗಿಯ ಹೊಸ ಮನೆಗೆ ಉಪ್ಪಿನಕಾಯಿ ಮುಟ್ಟಿಸಬೇಕಂತೆ.

ಕುರುಗೋಡಿನಲ್ಲಿ ದಾರಿ ಕೇಳಿದ್ದೇ ತಪ್ಪಾಯಿತು. ಒಬ್ಬ ಒಂದು ಸಂದಿ ತೋರಿಸಿದ. "ಅದು ಸುತ್ತು, ಇದು ಹತ್ರ" ಎಂದ ಇನ್ನೊಬ್ಬ. ಮತ್ತೊಬ್ಬಳು ಅದಕ್ಕಿಂತ ಹತ್ತಿರದ್ದನ್ನು ತೋರಿಸಿದಳು. ನನ್ನ ಲೆಕ್ಕದಲ್ಲಿ ಮುನ್ನೂರು ಜನ ನೆರೆದರು.

"ಎಲ್ಲಕ್ಕಿಂತ ಹತ್ರದ್ದು ಯಾವ್ದಂತ ಹೇಳ್ರಿ, ಅಲ್ಲೀತನಕ ಗಾಡಿ ಬಿಡಂಗಿಲ್ಲ" ಎಂದು ಹಂಪೇಶ ಹಟ ಹಿಡಿದ.

ಕೊಟ್ರಮ್ಮ ಗುಡುಗಿದಳು: "ಲೇ, ಎಲ್ಲಕ್ಕಿಂತ ಹತ್ರದ್ದು ಯಾಕ ಬೇಕೋ? ಒಂದಕ್ಕಿಂತ ಒಂದು ಹತ್ರದ್ದು ಸಿಗಾಕತ್ತೈತಲ್ಲ, ದೂರ ಎಷ್ಟಂತ ತಿಳಿಯಾಕ ಅಷ್ಟು ಸಾಲದೇನು?"

ಸಿದ್ದಲಿಂಗೇಶನ ಕಣ್ಣುಗಳು ಬೋಂಡದಷ್ಟು ಅಗಲವಾದವು. ಹೌದಲ್ಲ! ಅತಿ ಹತ್ತಿರದ ದಾರಿ ಸಿಗದಿದ್ದರೂ ದೂರ ಸಿಗುತ್ತದೆ! ತೊಡೆಯ ಮೇಲೆ ಪ್ರಬಂಧವಿಟ್ಟು ಅಲ್ಲೇ ತಿದ್ದಿದ. ಆಮೇಲೆ ಅವನು ಬಿಟ್ಟ ನಿಟ್ಟುಸಿರಿಗೆ ಕಾರಿನ ಗಾಜೆಲ್ಲ ಮಂಜಾಯಿತು.

ಸಿರುಗುಪ್ಪದಲ್ಲಿ ಹತ್ತಿದ ಪ್ರೊಫೆಸರ್ ಬಳ್ಳಾರಿಯವರೆಗೂ ಗೊರಕೆ ಹೊಡೆದರು. ಆ ಸದ್ದಿಗೆ ಕೆಂಚನಗುಡ್ಡದ ಬಳಿ ತುಂಗಭದ್ರೆ ಒಂದು ಕ್ಷಣ ನಿಂತು ಹರಿದಳು.

ಮೂರು ಗಂಟೆ. ಪರೀಕ್ಷೆಗೆ ಯಾರು ಬೇಕಾದರೂ ಬರಬಹುದಾದ್ದರಿಂದ ಕೊಟ್ರಮ್ಮ ಮೊದಲ ಸಾಲಿನಲ್ಲೇ ಕೂತಿದ್ದಳು. ಅವನು ತಿದ್ದಿದ್ದ ಪುಟ ಓದಿ ಪ್ರೊಫೆಸರ್ ಬೆವರಿದರು, ಆಮೇಲೆ ಅರಳಿದರು.

"ನನ್ನ ಮಾತು ತಪ್ಪು! ಇಪ್ಪತ್ತು ವರ್ಷ ಯಾರೂ ಹಿಡಿದಿರಲಿಲ್ಲ. ನಿನ್ನ ಉಪಾಯದಿಂದ ನನ್ನ ಲೇಖನಾನೂ ಉಳೀತು ನೋಡು. ಹೆಂಗ ಹೊಳೀತಪ್ಪಾ ಇದು?"

ಸಿದ್ದಲಿಂಗೇಶ ಕಾಲರ್ ಸರಿಮಾಡಿಕೊಂಡ. "ತಿಂಗಳುಗಟ್ಟಲೆ ಯೋಚನೆ ಮಾಡಿ, ಸಾರ್..."

"ಎಲಾ ಸುಳ್ಳಾ!" ಕೊಟ್ರಮ್ಮ ಎದ್ದಳು. "ಬೆಳಿಗ್ಗಿ ಕುರುಗೋಡಿನ್ಯಾಗ ಹೇಳಿದಾಕಿ ನಾನಲ್ಲೇನು?" ಎಂದು, ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಮತ್ತೆ ಹೇಳಿದಳು.

ಪ್ರೊಫೆಸರ್ ಆಕೆಗೆ ಕೈಮುಗಿದರು. ಆಮೇಲೆ ಪ್ರಬಂಧದ ಮೊದಲ ಪುಟ ತಿರುವಿದರು. 'ಇದು ಸಂಪೂರ್ಣ ನನ್ನ ಸ್ವಂತ ಕೆಲಸ' ಎಂಬ ಸಾಲಿನ ಕೆಳಗೆ ಸಿದ್ದಲಿಂಗೇಶನ ಸಹಿ ಮಿರಮಿರ ಮಿಂಚುತ್ತಿತ್ತು.

"ಪ್ರಮೇಯ ಬಂಗಾರದಂಥಾದ್ದು, ಚಿಂತಿಲ್ಲ. ಆದ್ರ ಮುಖ್ಯ ಹೆಜ್ಜಿ ಈ ತಾಯಿದು. ಸ್ವಂತದ್ದೊಂದು ಅಧ್ಯಾಯ ಬರ್ಕೊಂಡು ಮುಂದಿನ ವರ್ಷ ಬಾ."

ಪ್ರಮೇಯವಾದರೂ ಉಳಿಯಿತಲ್ಲ ಎಂದು ಸಿದ್ದಲಿಂಗೇಶ ಸಮಾಧಾನದಿಂದ ಕುರ್ಚಿಗೆ ಒರಗಿದ. ಕೊಟ್ರಮ್ಮ ಬಂದು ಬೆನ್ನು ಸವರಿದಳು.

"ಒಂದು ಅಧ್ಯಾಯ ತಾನೆ? ಹೆದರಬ್ಯಾಡ. ನಾ ಹೇಳ್ತೀನಿ, ನೀ ಬರ್ಕೊ."