ಮಾಮಾನ ಮೋಟಾರಿಗೆ ನೇಕಾರನ ಗಂಟು

ಮೊದಲೇ ಹೇಳಿಬಿಡುತ್ತೇನೆ: ಮಾಮಾನ ಮೋಟಾರಿನಲ್ಲಿ ರೇಡಿಯೊ ಕೂಡಿಸಿದವನು ನಾನೇ. ಹೊಗೆ ಎಬ್ಬಿಸಿದವನೂ ನಾನೇ. ಪೂರ್ತಿ ಯಶಸ್ವಿಯಾದದ್ದು ಎರಡನೆಯದು ಮಾತ್ರ!

ಅಣ್ಣನಿಗೆ ಹೆಣ್ಣು ನೋಡಲು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗಬೇಕಿತ್ತು. ಹೆಣ್ಣಿನವರ ಮುಂದೆ ಕೂತರೆ ಅಣ್ಣನ ಬಾಯಿಯಿಂದ ಮಾತೇ ಹೊರಡದು. ಹಿಂದಿನ ಸಲದವರು "ಹುಡುಗ ಮೂಕ ಅದಾನೇನ್ರಿ?" ಎಂದು ಕೇಳಿ ಸೋಯರಿಕೆಯನ್ನೇ ಮುರಿದಿದ್ದರು. "ಇದೂ ತಪ್ಪಿದ್ರ ನಾ ಮಠ ಸೇರತೀನಿ" ಎಂದು ಅಣ್ಣ ಹೆದರಿಸಿದ್ದ. ಅವನ ಬದಲು ಗಾಡಿಯಾದರೂ ಮಾತಾಡಲಿ ಎಂದು ಮಾಮಾ ನವಿ ಪೇಠೆಯಲ್ಲಿ ರೇಡಿಯೊ ಕೊಂಡರು.

"ಕೂಡಿಸೋರ್ ಯಾರಲೇ?"

"ನಾ ಇಲ್ಲೇನ್ರಿ ಮಾಮಾ! ಕಾಳಜಿ ಬಿಡ್ರಿ."

ಅಂಗಡಿಯವರು ಮೂಗಿನಲ್ಲಿ ಮಾತಾಡುವ ಗೃಹಸ್ಥರು. "ತಮ್ಮಾ, ಮೊದ್ಲ ಬ್ಯಾಟರಿ ವಾಯರ್ ಬಿಚ್ಚು. ನಡುವ ಫ್ಯೂಜ್ ಹಾಕು. ಜೋಡಿಸಿದ ಜಾಗಾಕ್ಕ ಟೇಪ್ ಸುತ್ತು." ಮನೆಗೆ ಬಂದು ಈ ಉಪದೇಶವನ್ನು ಅದೇ ಮೂಗಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಒಂದಕ್ಷರ ತಪ್ಪಲಿಲ್ಲ. ಒಂದಕ್ಷರ ಪಾಲಿಸಲೂ ಇಲ್ಲ!

ನಮ್ಮದು ಮಗ್ಗದ ಮನೆ. ಕಡಿದ ನೂಲಿಗೆ ಕಣ್ಣುಮುಚ್ಚಿ ಗಂಟು ಹಾಕುವ ಕೈ ಇದು. ವಾಯರ್ ಎಂದರೆ ತಾಮ್ರದ ನೂಲಲ್ಲವೇ? ಹಲ್ಲಿನಿಂದ ಸಿಪ್ಪೆ ಸುಲಿದೆ. ಕೈಗೆ ಸಿಕ್ಕ ವಾಯರುಗಳಿಗೆಲ್ಲ ನೇಕಾರರ ಗಂಟು ಬಿಗಿದೆ. ಟೇಪಿನ ಬದಲು ಚಾದರದ ನೂಲು ಸುತ್ತಿದೆ. ಕೆಂಪು ನೂಲು, ಚೆಂದ ಕಾಣಲೆಂದು! ರೇಡಿಯೊ ಒಮ್ಮೆ ಕೆಮ್ಮಿತು. ಮಾಮಾ ನನ್ನ ಬೆನ್ನು ತಟ್ಟಿದರು.

ಅಕ್ಕಲಕೋಟೆ ಹತ್ತಿರ ಗಾಡಿ ಒಂದು ತಗ್ಗಿನಲ್ಲಿ ಕುಕ್ಕರಿಸಿತು. ಗಂಟು ಗಾಡಿಯ ತಗಡಿಗೆ ತಾಗಿತು. ಹಾರ್ನು ಬಡಿದುಕೊಳ್ಳತೊಡಗಿತು. ಅದರ ವಾಯರೂ ನನ್ನ ಗಂಟಿನಲ್ಲಿತ್ತು ಎಂದು ಆಗ ತಿಳಿಯಿತು!

"ಬಂದ್ ಮಾಡಲೇ ಅದನ್ನ!"

"ಆಗವಲ್ದ್ರಿ ಮಾಮಾ!"

ಕೆಳಗೆ ಬಗ್ಗಿ ಎಳೆದೆ. ನಮ್ಮ ಗಂಟು ಎಳೆದಷ್ಟೂ ಬಿಗಿಯುತ್ತದೆ. ಮಗ್ಗಕ್ಕೆ ಅದೇ ಬೇಕು. ಮೋಟಾರಿಗೆ ಬೇಡವಾಗಿತ್ತು!

ಪೇಟೆಯ ತುಂಬ ಊಳಿಡುತ್ತ ಹೋದೆವು. ಯಾರೋ ದೊಡ್ಡವರು ಬಂದರೆಂದು ಅಲ್ಲಿನ ಗುಡಿಗೆ ಬಂದಿದ್ದ ಯಾತ್ರಿಕರು ಕೈಮುಗಿದರು. ಹೆಣ್ಣಿನ ಮನೆ ಮುಂದೆ ನಿಂತಾಗ ರೇಡಿಯೊದ ಕೆಳಗಿಂದ ಹೊಗೆ. ಚಾದರದ ನೂಲು ಹೊತ್ತಿಕೊಂಡಿತ್ತು! ಮಾಮಾ ಹಾರಿ ಇಳಿದು ಬ್ಯಾಟರಿಯ ವಾಯರ್ ಕಿತ್ತರು. ಫಳಾರದ ತಟ್ಟೆ ಹಿಡಿದು ಬರಬೇಕಿದ್ದ ಹುಡುಗಿ ಕೊಡ ಹಿಡಿದು ಓಡಿಬಂದು ನೀರು ಸುರಿದಳು. ಅರ್ಧ ಹೊಗೆಗೆ, ಅರ್ಧ ಅಣ್ಣನಿಗೆ.

ಆಗ ಅಣ್ಣ ಬಾಯಿ ತೆರೆದ. "ಲೇ ಭಾಡ್ಯಾ! ನಿನ್ನ ಕೈಗಿ ಹಾವು ಕಡೀಲಿ! ಗಾಡಿ ಸುಟ್ಟಿ, ಧೋತರ ತೊಯ್ಸಿದಿ, ನನ್ನ ಮದುವಿ ಮಣ್ಣಾಗ ಹಾಕಿದಿ!" ಉಸಿರು ತೆಗೆದುಕೊಳ್ಳದೆ ಬೈದ. ಹುಡುಗಿ ಬಾಯಿಗೆ ಸೆರಗು ಒತ್ತಿ ನಕ್ಕಳು.

ಸೋಯರಿಕೆ ಮುಗಿಯಿತೆಂದು ನಾನು ಗಾಡಿಯ ಮರೆಗೆ ಸರಿದೆ. ಹೊಸ್ತಿಲಲ್ಲಿ ನಿಂತಿದ್ದ ಹುಡುಗಿಯ ಅಜ್ಜಿ ಮೊಮ್ಮಗಳ ನಗು ನೋಡಿದರು, ತೊಯ್ದ ಅಣ್ಣನನ್ನು ನೋಡಿದರು, ಕೊನೆಗೆ ನನ್ನನ್ನು ಹುಡುಕಿ ನೋಡಿದರು. ಆಮೇಲೆ ಮಾಮಾನಿಗೆ ಹೇಳಿದರು:

"ಹುಡುಗ ನಮಗ ಪಸಂತ ಅದಾನ್ರಿ. ಮದುವಿ ದಿನ ಮಾತ್ರ ಆ ತಮ್ಮಗ ಎರಡೂ ಕೈಯಾಗ ಒಂದೊಂದು ತೆಂಗಿನಕಾಯಿ ಕೊಟ್ಟು ಕೂಡಸ್ರಿ. ಖಾಲಿ ಕೈಲೆ ಬಿಡಬ್ಯಾಡ್ರಿ!"