ಅತ್ತೆಯ ಎಂ.ಎ.ಯೂ ಒಂದು ಲೋಟ ಬೆಲ್ಲ-ನೀರೂ

ನಮ್ಮ ಮನೆಯಲ್ಲಿ ಅತ್ತೆ-ಸೊಸೆ ಜಗಳ ಎಂಬುದೇ ಇಲ್ಲ. ನಂಬುವುದಿಲ್ಲವೇ? ದೇವರಾಣೆಗೂ ಇಲ್ಲ! ಇರುವುದು ದ್ವಿಪಕ್ಷೀಯ ಮಾತುಕತೆ ಮಾತ್ರ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಅತ್ತೆ ಬೈಯುವುದಿಲ್ಲ, "ತೀವ್ರ ಕಳವಳ ವ್ಯಕ್ತಪಡಿಸುತ್ತೇನೆ" ಎಂದು ಹೇಳಿ ಮಜ್ಜಿಗೆ ಬಡಿಸಿಕೊಳ್ಳುತ್ತಾರೆ.

ಅತ್ತೆಗೆ ಬೋವಿಕಾನದಲ್ಲೊಂದು ಪುಟ್ಟ ಹೊಲಿಗೆ ಅಂಗಡಿ. ಮದುವೆಗೆ ಮೊದಲೇ ಬಿ.ಎ. ಮುಗಿಸಿದ್ದವರು, ಕೂದಲು ನರೆತ ಮೇಲೆ ಅಂತಾರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಸೇರಿಕೊಂಡರು. ವಾರವಿಡೀ ಹೊಲಿಗೆ, ಭಾನುವಾರ ಕಾಸರಗೋಡಿನಲ್ಲಿ ಕ್ಲಾಸು. "ಈ ವಯಸ್ಸಲ್ಲಿ ಇದೆಲ್ಲ ಎಂತಕ್ಕೆ?" ಎಂದು ಮಾವ ಕೇಳಿದ್ದಕ್ಕೆ, "ನಿಮ್ಮೊಟ್ಟಿಗೆ ಇಷ್ಟು ವರ್ಷ ಬಾಳಿದ್ದೇನಲ್ಲ, ಪ್ರಾಕ್ಟಿಕಲ್ ಮುಗಿದಿದೆ. ಥಿಯರಿ ಮಾತ್ರ ಬಾಕಿ ಉಂಟು" ಎಂದರು.

ಓದಿಸುವ ಕೆಲಸ ನನ್ನದು. ಸಂಜೆ ರಸ್ತೆ ಬದಿಯ ಆ ಅಂಗಡಿಯಲ್ಲಿ ಅವರು ಮಿಷನ್ ತುಳಿಯುತ್ತಾರೆ, ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಪ್ರಶ್ನೆ ಕೇಳುತ್ತೇನೆ. "ಬಲ ಸಮತೋಲನ ಅಂದ್ರೆ ಎಂತ ಅತ್ತೆ?" ಒಂದು ದಿನ ಆ ಉತ್ತರದಲ್ಲಿ ಎಷ್ಟು ಮುಳುಗಿದರೆಂದರೆ, ಅಂಗನವಾಡಿ ಟೀಚರ ರವಿಕೆಗೆ ಒಂದು ತೋಳು ಮೊಣಕೈಯವರೆಗೆ ಬಂತು, ಇನ್ನೊಂದು ಭುಜದಲ್ಲೇ ಮುಗಿಯಿತು! ಟೀಚರು ಕೆಂಡವಾಗಿ ಬಂದರೆ, "ನೋಡಿ, ಸಮತೋಲನ ತಪ್ಪಿದ್ರೆ ಎಂತಾಗ್ತದೆ ಅಂತ ಇದೇ ಉದಾಹರಣೆ" ಎಂದು ಅವರಿಗೂ ಪಾಠ ಶುರು. ಆ ಉತ್ತರ ಮಾತ್ರ ಅತ್ತೆಗೆ ಅಂದಿನಿಂದ ಬಾಯಿಪಾಠ.

ನೆರೆಮನೆಯ ಕೋಳಿಗಳು ನಮ್ಮ ಹರಿವೆ ಸೊಪ್ಪಿನ ಸಾಲಿಗೆ ನುಗ್ಗಿದ್ದೂ ಆಗಲೇ. ಅತ್ತೆ ಅದನ್ನು ಗಡಿ ಉಲ್ಲಂಘನೆ ಎಂದು ಘೋಷಿಸಿ, ಆ ಮನೆಗೆ ಕರಿಬೇವು ಕೊಡುವುದನ್ನು ನಿಲ್ಲಿಸಿ ದಿಗ್ಬಂಧನ ಹೇರಿದರು. ಆದರೆ ಮೀನಿನವನ ಸ್ಕೂಟರು ನಿಲ್ಲುವುದು ಅವರ ಗೇಟಿನ ಮುಂದೆ! ಮೀನು ಬಂದಾಗ ಆ ಮನೆಯವರು ನಮ್ಮನ್ನು ಕೂಗಿ ಕರೆಯುವುದನ್ನು ಬಿಟ್ಟರು. ಬರೀ ಸೊಪ್ಪಿನ ಪದಾರ್ಥ ಉಂಡು ಉಂಡು ಮಾವ ದಂಗೆ ಎದ್ದರು: "ನಿನ್ನ ಎಂ.ಎ. ಮುಗಿಯುವ ಮೊದಲು ನಾನು ಮುಗೀತೇನೆ!" ಕೊನೆಗೆ ಅತ್ತೆಯೇ ಆ ಮನೆಗೆ ಹೋಗಿ ಬೆಲ್ಲ-ನೀರು ಕುಡಿದು ಬಂದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಬೆಲ್ಲ-ನೀರು. ಕೊಟ್ಟ ಮೇಲೆ ಅವರೊಡನೆ ಜಗಳ ಮಾಡುವಂತಿಲ್ಲ. "ಪುಸ್ತಕದ ಯಾವ ಒಪ್ಪಂದವೂ ಇಷ್ಟು ಗಟ್ಟಿ ಇಲ್ಲ ಮಾರಾಯ್ತಿ" ಎಂದರು ಅತ್ತೆ. ಮರುದಿನ ಬಂಗುಡೆ ಸಾರು.

ಇಷ್ಟೆಲ್ಲ ನಗುವ ನನಗೂ ಒಂದು ಶತ್ರುದೇಶವಿತ್ತು: ನನ್ನ ತವರು. ಮೆಚ್ಚಿದವನನ್ನೇ ಮದುವೆಯಾದೆನೆಂದು ಹೊಸಂಗಡಿಯ ನನ್ನ ಅಪ್ಪ ಮದುವೆಗೂ ಬರಲಿಲ್ಲ, ಆಮೇಲೂ ಮಾತಾಡಲಿಲ್ಲ. ಅಮ್ಮ ಕದ್ದು ಫೋನ್ ಮಾಡುತ್ತಿದ್ದಳು, ಅಷ್ಟೇ. ಈಗ ನಾನು ಬಸುರಿ. ಏಳನೇ ತಿಂಗಳ ಬಯಕೆ ಶಾಸ್ತ್ರ ಗಂಡನ ಮನೆಯಲ್ಲಿ. ಊಟವಾದ ಮೇಲೆ ತವರಿನವರು ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋಗಬೇಕು. ಕರೆಯಲು ಯಾರೂ ಬಾರದಿದ್ದರೆ? ಹೂ ಮುಡಿದು, ಸೆರಗಿನಲ್ಲಿ ಮಡಿಲಕ್ಕಿ ಇಟ್ಟುಕೊಂಡು, ಅಷ್ಟು ಜನರ ಮುಂದೆ ನಾನು ಯಾರ ದಾರಿ ನೋಡುವುದು?

ನನ್ನ ಗಂಡ ಬುದ್ಧಿವಂತ. ಬಯಕೆಗೆ ಬನ್ನಿ ಎಂದು ಅಪ್ಪನಿಗೆ ವಾಟ್ಸಾಪಿನಲ್ಲಿ ಹೇಳಿಕೆ ಕಳಿಸಿದ! ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

"ಹೇಳಿಕೆ ಫೋನಲ್ಲಿ ಮಾಡುದಾ?" ಅತ್ತೆ ಸಿಡಿದರು. "ಮನೆಗೆ ಹೋಗಿ, ಚಾವಡಿಯಲ್ಲಿ ಕೂತು ಹೇಳ್ಬೇಕು ಮಾರಾಯ!"

"ನಾವು ಗಂಡಿನ ಕಡೆಯವರು," ಮಾವ ಮೀಸೆ ತಿರುವಿದರು. "ಅವರು ಮದುವೆಗೇ ಬರ್ಲಿಲ್ಲ. ನಾವು ಹೋಗಿ ತಲೆ ತಗ್ಗಿಸುದಾ?"

ಅತ್ತೆ ಸೂಜಿಗೆ ನೂಲು ಪೋಣಿಸಿದರು. ಭಾನುವಾರ ಎಂದಿನಂತೆ ಪುಸ್ತಕದ ಚೀಲ, ಕೊಡೆ ಹಿಡಿದು ಕ್ಲಾಸಿಗೆ ಹೊರಟರು.

ಸಂಜೆ ಅಮ್ಮನ ಫೋನು. ಕ್ಲಾಸೂ ಇಲ್ಲ, ಎಂತದೂ ಇಲ್ಲ! ಅತ್ತೆ ಕಾಸರಗೋಡಿನಲ್ಲಿ ಬಸ್ಸು ಬದಲಿಸಿ ಸೀದಾ ಹೊಸಂಗಡಿಗೆ ಹೋಗಿದ್ದರು. ಯಾರೂ ಕರೆಯದೆ ಚಾವಡಿಯಲ್ಲಿ ಕೂತರಂತೆ. ಅಪ್ಪ ಟಿವಿಯಿಂದ ಮುಖ ತಿರುಗಿಸಲಿಲ್ಲ. "ಬಿಸಿಲಲ್ಲಿ ಬಂದದ್ದು. ಒಂದು ಲೋಟ ಬೆಲ್ಲ-ನೀರು ಉಂಟಾ?" ಎಂದು ಅತ್ತೆ ತಾವೇ ಕೇಳಿ ಕುಡಿದರಂತೆ. ಇನ್ನು ಅಪ್ಪನಾದರೂ ಎಂತ ಮಾಡಿಯಾರು?

"ಆಮೇಲೆ ಯಾವ ಸಿದ್ಧಾಂತ ಹೇಳಿದ್ರು?" ಎಂದೆ.

"ಎಂತ ಸಿದ್ಧಾಂತವೂ ಇಲ್ಲ. 'ನಿಮ್ಮ ಮಗಳು ನನಗೆ ಪಾಠ ಓದಿಸ್ತಾಳೆ. ಆದ್ರೆ ಕಾಸರಗೋಡು ಬಸ್ಸು ಕಂಡ್ರೆ ಸಾಕು, ಪ್ರಶ್ನೆ ಅರ್ಧದಲ್ಲಿ ನಿಲ್ತದೆ' ಅಂದ್ರು. ಅಪ್ಪ ಟಿವಿ ಆಫ್ ಮಾಡಿದ್ರು."

ನಾನು ಹಾಗೆ ಬಸ್ಸು ನೋಡುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಸೂಜಿಯಿಂದ ಕಣ್ಣೆತ್ತದ ಅತ್ತೆ ಅದನ್ನು ಯಾವಾಗ ಕಂಡರೋ!

ಬಯಕೆಯ ದಿನ ಅಪ್ಪ ಬಂದರು. ಕೈಯಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯ ಅಟ್ಟೆ, ಕಣ್ಣು ನೆಲದ ಮೇಲೆ. ಅತ್ತೆ ತಾವೇ ಬೆಲ್ಲ-ನೀರು ತಂದುಕೊಟ್ಟರು. ಅಪ್ಪ ಕುಡಿದು, ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗುವಾ ಮಗಾ?" ಎಂದರು. ನನಗೆ ಬೇಕಿದ್ದದ್ದು ಅಷ್ಟೇ. ಹೆತ್ತವರನ್ನು ದೇವರು ಕೊಟ್ಟಿದ್ದ, ಕಳಕೊಂಡಾಗ ಹಿಂದೆ ತಂದುಕೊಟ್ಟದ್ದು ಅತ್ತೆ. ಈ ಋಣ ನಾನು ಹೇಗೆ ತೀರಿಸಲಿ?

ಕಾರು ಹತ್ತುವಾಗ ಕೇಳಿದೆ, "ನಿಮಗಿನ್ನು ಪ್ರಶ್ನೆ ಯಾರು ಕೇಳುದು ಅತ್ತೆ?"

"ಸಂಜೆ ಫೋನ್ ಮಾಡಿ ಕೇಳು. ಉತ್ತರ ಬರದಿದ್ರೆ ನಾನು ಅಳ್ತಾ ಇದ್ದೇನೆ ಅಂತ ತಿಳ್ಕೋ" ಎಂದು ನಕ್ಕರು.

ಸಂಜೆ ಹೊಸಂಗಡಿಯಿಂದ ಫೋನ್ ಮಾಡಿದೆ. ಅವರಿಗೆ ಬಾಯಿಪಾಠ ಬರುವುದನ್ನೇ ಕೇಳಿದೆ, "ಬಲ ಸಮತೋಲನ ಅಂದ್ರೆ ಎಂತ ಅತ್ತೆ?"

ಉತ್ತರ ಬರಲಿಲ್ಲ.